ಮೂರನೇ ದಿನದ ತೀರ್ಪು

ಬೆಳಗಾವಿ ಜಿಲ್ಲೆಯ ಮುರಗೋಡ, ಬೈಲಹೊಂಗಲ, ಸವದತ್ತಿ ಕಡೆ ಚೊಚ್ಚಲ ಬಾಣಂತನ ತವರುಮನೆಯದು. ಮಗಳು ದವಾಖಾನೆಯಿಂದ ಬರುವ ಮೊದಲೇ ಕೋಣೆ ಸಜ್ಜಾಗಿರುತ್ತದೆ. ಹೊರಸು ಹಾಕಿ, ಕೆಳಗೆ ಕೆಂಡದ ಶೇಗಡಿ ಇಟ್ಟು, ಅಂಟಿನುಂಡಿ ಕಟ್ಟಿ ಡಬ್ಬಿ ತುಂಬಿಸಿರುತ್ತಾರೆ. ಕೂಸನ್ನು ನೋಡಲು ಬಂದವರೆಲ್ಲ ತಾಯಿಯನ್ನು ಕೇಳುವುದು ಒಂದೇ ಮಾತು: "ಏನವಾ, ಹಾಲ ಬಂದಾವಿಲ್ಲೋ?" ಆಕೆ ತಲೆ ತಗ್ಗಿಸುತ್ತಾಳೆ. ಕೂಸು ಇರುಳೆಲ್ಲ ಅಳುತ್ತದೆ. ಮೂರನೇ ದಿನ ಹಿರಿಯರೊಬ್ಬರು "ಹಾಲ ಸಾಲವಲ್ವು" ಎಂದು ತೀರ್ಪು ಕೊಡುತ್ತಾರೆ. ಸಂಜೆಯೊಳಗೆ ಪೇಟೆಯಿಂದ ಡಬ್ಬಿ ಹಾಲು, ಬಾಟಲಿ ಬರುತ್ತವೆ. ತೀರ್ಪು ಕೊಟ್ಟವರ ಪ್ರೀತಿಯಲ್ಲಿ ಕೊರತೆಯಿಲ್ಲ. ಆದರೆ ಹಾಲು ಹುಟ್ಟುವ ಬಗೆಯನ್ನು ತಿಳಿದರೆ, ಮೂರನೇ ದಿನ ಆ ತೀರ್ಪಿಗೆ ತೀರಾ ಬೇಗ ಎಂದು ಗೊತ್ತಾಗುತ್ತದೆ. ಎಷ್ಟೋ ಮನೆಗಳಲ್ಲಿ ಹಾಲಿನ ಕೊರತೆ ನಿಜವಾಗಿ ಶುರುವಾಗುವುದೇ ಆ ಡಬ್ಬಿ ಬಂದ ಮೇಲೆ.

ಬಸಿರಿನ ನಡುಗಾಲಕ್ಕೇ ಎದೆಯೊಳಗಿನ ಹಾಲು ಮಾಡುವ ಕೋಶಗಳು ತಯಾರಾಗಿರುತ್ತವೆ. ಅವುಗಳನ್ನು ತಡೆದು ಹಿಡಿದಿರುವುದು ಮಾಸು ಸ್ರವಿಸುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನು. ಹೆರಿಗೆಯಾಗಿ ಮಾಸು ಪೂರ್ತಿ ಬಿದ್ದ ಮೇಲೆ ಅದರ ಮಟ್ಟ ಇಳಿಯುತ್ತದೆ; ಆಗ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಪ್ರೊಲ್ಯಾಕ್ಟಿನ್ ಕೆಲಸಕ್ಕೆ ಇಳಿಯುತ್ತದೆ. ಎದೆ ತುಂಬಿ ಬಿಗಿಯಾಗಿ, ಹಾಲು "ಬಂತು" ಎಂದು ತಾಯಿಗೆ ಅನಿಸಲು ಇದರಿಂದಾಚೆಗೆ ಎರಡು ಮೂರು ದಿನ ಬೇಕು. ಚೊಚ್ಚಲ ಹೆರಿಗೆ, ಸಿಸೇರಿಯನ್, ಬಹಳ ಹೊತ್ತು ಎಳೆದ ಬ್ಯಾನಿ, ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಒಂದೆರಡು ದಿನ ತಡವಾಗಬಹುದು. ಅಲ್ಲಿಯವರೆಗೆ ಸುರಿಯುವುದು ಹಳದಿ ಬಣ್ಣದ ಮಂದ ಹಾಲು. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಸಿಗುವುದು 2ರಿಂದ 10 ಮಿಲಿಲೀಟರ್, ಹೆಚ್ಚೆಂದರೆ ಎರಡು ಚಹಾ ಚಮಚ. ಹುಟ್ಟಿದ ಕೂಸಿನ ಪುಟ್ಟ ಹೊಟ್ಟೆಗೆ ಆ ದಿನ ಬೇಕಾಗುವುದೂ ಅಷ್ಟೇ. ರೋಗ ತಡೆಯುವ ಪ್ರತಿಕಾಯಗಳು ಅದರಲ್ಲಿ ದಟ್ಟವಾಗಿರುತ್ತವೆ. ಇದನ್ನು ಹೊಲಸು ಹಾಲೆಂದು ಹಿಂಡಿ ಚೆಲ್ಲಿ, ಜೇನುತುಪ್ಪ, ಸಕ್ಕರೆ ನೀರು, ಬಜೆಯ ಗುಟ್ಟಿ ನೆಕ್ಕಿಸುವ ರೂಢಿ ಪೂರ್ತಿ ಹೋಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಗೆ ಬಾಯಿ ಹಚ್ಚಿದ ಕೂಸುಗಳು ದೇಶದಲ್ಲಿ ನೂರಕ್ಕೆ ಸುಮಾರು 42. ಕರ್ನಾಟಕದಲ್ಲಿ ಅರ್ಧದ ಆಸುಪಾಸು. ಬಹುತೇಕ ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುವ ಈ ಕಾಲದಲ್ಲಿ ಈ ಅಂಕಿ ನೋವು ಕೊಡುವಂಥದ್ದು.

ಮೊದಲ ಮೂರು ದಿನ ಹಾರ್ಮೋನು ನಡೆಸಿದಂತೆ ಹಾಲು ಬರುತ್ತದೆ. ಆಮೇಲೆ ಎಷ್ಟು ಹಾಲು ಎಂಬುದನ್ನು ಯಾರು ನಿರ್ಧರಿಸುತ್ತಾರೆ? ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು ಆಡುಗಳಿಂದ. ಸ್ಕಾಟ್ಲೆಂಡಿನ ಏರ್ ಪಟ್ಟಣದ ಹನ್ನಾ ಸಂಶೋಧನಾ ಸಂಸ್ಥೆಯಲ್ಲಿ ಮಾಲ್ಕಮ್ ಪೀಕರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಆಡಿನ ಒಂದು ಮೊಲೆಯನ್ನು ದಿನಕ್ಕೆ ಎರಡು ಸಲ, ಇನ್ನೊಂದನ್ನು ಮೂರು ಸಲ ಹಿಂಡಿದರು. ಮೂರು ಸಲ ಹಿಂಡಿದ ಕಡೆ ಮಾತ್ರ ಹಾಲು ಹೆಚ್ಚಾಯಿತು. ಎರಡೂ ಕಡೆ ಹರಿಯುವ ರಕ್ತ ಒಂದೇ, ಹಾರ್ಮೋನು ಒಂದೇ, ತಿಂದ ಮೇವೂ ಒಂದೇ. ಹಿಂಡಿದ ಹಾಲಿನ ಜಾಗಕ್ಕೆ ಅಷ್ಟೇ ಪ್ರಮಾಣದ ಸಕ್ಕರೆ ದ್ರಾವಣ ತುಂಬಿ ನೋಡಿದರೂ ಹಾಲು ಹೆಚ್ಚಾಯಿತು. ಹಾಗಾದರೆ ಉತ್ಪತ್ತಿಯನ್ನು ತಡೆಯುವುದು ತುಂಬಿದ ಕೆಚ್ಚಲಿನ ಒತ್ತಡವಲ್ಲ. ಹಾಲಿನೊಳಗೇ ಇರುವ ಯಾವುದೋ ವಸ್ತು. ಅದೊಂದು ಪ್ರೋಟೀನು ಎಂದು ಆ ತಂಡ ಹೇಳಿತು; ಸಿರೊಟೋನಿನ್‌ನ ಪಾತ್ರವೂ ಇದೆ ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. ಬಾಣಂತಿಗೆ ಬೇಕಾದ ಅರ್ಥ ಇಷ್ಟು: ಎದೆಯಲ್ಲಿ ಹಾಲು ನಿಂತರೆ ಹುಟ್ಟುವುದು ಕಡಿಮೆಯಾಗುತ್ತದೆ, ಖಾಲಿಯಾದರೆ ಹೆಚ್ಚುತ್ತದೆ.

ಈಗ ಮೂರನೇ ದಿನದ ಬಾಟಲಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಬಾಟಲಿ ಕುಡಿದ ಕೂಸು ಮೂರು ತಾಸು ಮಲಗುತ್ತದೆ. ಮನೆಯವರಿಗೆ ಸಮಾಧಾನ, ತಮ್ಮ ಊಹೆ ಸರಿ ಎಂಬ ನಂಬಿಕೆ. ಆ ಮೂರು ತಾಸು ಎದೆಯಲ್ಲಿ ಹಾಲು ನಿಲ್ಲುತ್ತದೆ, ಉತ್ಪತ್ತಿ ಇಳಿಯುತ್ತದೆ. ಎದ್ದ ಕೂಸು ಎದೆಗೆ ಹಾಕಿದರೆ ಸಿಟ್ಟಾಗುತ್ತದೆ, ಬಾಟಲಿಯಷ್ಟು ಸಲೀಸಾಗಿ ಹಾಲು ಬರುವುದಿಲ್ಲ. ಮತ್ತೆ ಬಾಟಲಿ. ಹದಿನೈದು ದಿನದೊಳಗೆ ಸುಳ್ಳಾಗಿದ್ದ ತೀರ್ಪು ನಿಜವಾಗುತ್ತದೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಒಂದರಿಂದ ಆರು ತಿಂಗಳಿನ, ಬರೀ ಎದೆಹಾಲು ಕುಡಿಯುತ್ತಿದ್ದ 71 ಆರೋಗ್ಯವಂತ ಕೂಸುಗಳನ್ನು ಪ್ರತಿ ಸಲ ಕುಡಿಸುವ ಮೊದಲು ಮತ್ತು ಆಮೇಲೆ ತೂಗಿ ನೋಡಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಇಡೀ ದಿನದಲ್ಲಿ ಕೂಸುಗಳು ಸರಾಸರಿ 11 ಸಲ ಕುಡಿದವು. ಕೆಲವು 6 ಸಲ, ಕೆಲವು 18 ಸಲ. ದಿನದ ಹಾಲು ಸರಾಸರಿ 788 ಗ್ರಾಂ, ಆದರೆ ಒಬ್ಬ ತಾಯಿಯಲ್ಲಿ 478, ಇನ್ನೊಬ್ಬಳಲ್ಲಿ 1356. ಎದೆಯಲ್ಲಿದ್ದ ಹಾಲಿನಲ್ಲಿ ಕೂಸು ಒಂದು ಸಲಕ್ಕೆ ಎಳೆದದ್ದು ಸುಮಾರು ಮೂರನೇ ಎರಡು ಪಾಲು. ಓರಗಿತ್ತಿಯ ಮಗು ಎರಡು ತಾಸಿಗೊಮ್ಮೆ ಕುಡಿಯುತ್ತದೆ, ನನ್ನದು ತಾಸಿಗೊಮ್ಮೆ ಅಳುತ್ತದೆ ಎಂದು ಕೊರಗುವ ತಾಯಿಗೆ ಈ ಅಂಕಿಗಳನ್ನು ತಪ್ಪದೆ ಹೇಳಬೇಕು. ಸಂಜೆ ಹೊತ್ತು ಕೂಸು ಬಿಡದೆ ಕುಡಿಯುವುದು, ಕೆಲವು ವಾರಗಳಾದ ಮೇಲೆ ಎದೆ ಮೆತ್ತಗಾಗುವುದು, ಸೀರೆಗೆ ಹಾಲು ಸೋರದಿರುವುದು, ಇವು ಯಾವುವೂ ಕೊರತೆಯ ಗುರುತಲ್ಲ.

ಹಾಲು ಹುಟ್ಟುವುದು ಒಂದಾದರೆ ಹೊರಗೆ ಇಳಿಯುವುದು ಇನ್ನೊಂದು. ಎಮ್ಮೆ ಕಟ್ಟಿದ ಮನೆಗಳಿಗೆ ಇದನ್ನು ಬೇರೆ ಹೇಳಬೇಕಿಲ್ಲ: ಕೆಚ್ಚಲು ತುಂಬಿದ್ದರೂ ಅಪರಿಚಿತರು ಕೂತರೆ ಎಮ್ಮೆ ಹಾಲು ಇಳಿಸುವುದಿಲ್ಲ. ಇಳಿಸುವ ಹಾರ್ಮೋನು ಆಕ್ಸಿಟೋಸಿನ್. ಅಮೆರಿಕದ ನೈಲ್ಸ್ ನ್ಯೂಟನ್ ಎಂಬ ವಿಜ್ಞಾನಿ ತನ್ನ ಏಳು ತಿಂಗಳ ಕೂಸಿಗೆ ಹಾಲೂಡಿಸುತ್ತ ತನ್ನ ಮೇಲೆಯೇ ಇದನ್ನು ಪರೀಕ್ಷಿಸಿಕೊಂಡಳು. ಗಂಡ ಮೈಕೆಲ್ ನ್ಯೂಟನ್ ಜೊತೆ 1948ರಲ್ಲಿ ಅದನ್ನು ಪ್ರಕಟಿಸಿದಳು. ನೆಮ್ಮದಿಯಿಂದ ಕೂತಾಗ ಕೂಸಿಗೆ ಸರಾಸರಿ 168 ಗ್ರಾಂ ಹಾಲು ಸಿಕ್ಕಿತು. ಕಾಲನ್ನು ಮಂಜಿನ ನೀರಲ್ಲಿ ಅದ್ದಿ, ಕಾಲ್ಬೆರಳು ಎಳೆದು ನೋಯಿಸಿ, ಲೆಕ್ಕ ಕೇಳಿ ಕಾಡಿದಾಗ ಸಿಕ್ಕಿದ್ದು 99 ಗ್ರಾಂ. ಅದೇ ಕಾಟದ ನಡುವೆ ಆಕ್ಸಿಟೋಸಿನ್ ಚುಚ್ಚಿದಾಗ 153 ಗ್ರಾಂ. ಹಾಲು ಎದೆಯಲ್ಲೇ ಇತ್ತು, ಮನಸ್ಸಿನ ಕಸಿವಿಸಿ ಅದನ್ನು ತಡೆದಿತ್ತು. ಹೊಲಿಗೆಯ ನೋವು, ನಿದ್ದೆಗೇಡು, "ಹಾಲ ಬಂದಾವಿಲ್ಲೋ" ಎಂಬ ದಿನಕ್ಕೆ ಹತ್ತು ಸಲದ ವಿಚಾರಣೆ, ಹೆಣ್ಣು ಹುಟ್ಟಿತೆಂಬ ಕೊಂಕು ಮಾತು ಇವೆಲ್ಲ ನಮ್ಮ ಬಾಣಂತಿಯರಿಗೆ ಆ ಮಂಜಿನ ನೀರೇ. ಅವ್ವನೋ ಗಂಡನೋ ಪಕ್ಕದಲ್ಲಿ ಕೂತು ಬೆನ್ನು ಸವರುವುದು, ಬಂದವರನ್ನು ಹೊರಗಿನ ಪಡಸಾಲೆಯಲ್ಲೇ ಕೂರಿಸುವುದು ಚಿಕಿತ್ಸೆಯ ಭಾಗ ಎಂದು ನಾನು ತಿಳಿಯುತ್ತೇನೆ.

ಹಾಗಾದರೆ ಸಾಲುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಳುವಿನಿಂದಲ್ಲ, ತಕ್ಕಡಿಯಿಂದ, ಒದ್ದೆ ಅರಿವೆಯಿಂದ. ಮೊದಲ ದಿನಗಳಲ್ಲಿ ಕೂಸಿನ ತೂಕ ನೂರಕ್ಕೆ 7ರಿಂದ 10ರಷ್ಟು ಇಳಿಯುವುದು ಸಹಜ. ಮೂರು ಕಿಲೋ ಹುಟ್ಟಿದ ಕೂಸು ಎರಡು ವಾರದೊಳಗೆ ಮತ್ತೆ ಮೂರು ಕಿಲೋ ಮುಟ್ಟಬೇಕು, ಅಲ್ಲಿಂದ ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಐದನೇ ದಿನದಿಂದ ದಿನಕ್ಕೆ ಆರಾದರೂ ಅರಿವೆ ಒದ್ದೆಯಾಗಬೇಕು, ಮಲ ಕಪ್ಪು ಕಳೆದು ಹಳದಿಯಾಗಬೇಕು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮವಿದೆ. ಆಕೆಯ ಚೀಲದಲ್ಲಿ ತಕ್ಕಡಿ ಇರುತ್ತದೆ. ತೂಗಿಸಿ, ತಾಯಿ ಕಾರ್ಡಿನಲ್ಲಿ ಬರೆಸಿ. ಕೂಸು ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೈ ಕಣ್ಣು ಹಳದಿಯೇರಿದರೆ, ನಾಲ್ಕು ದಿನದ ಮೇಲೂ ಮೂತ್ರ ಇಟ್ಟಂಗಿಯ ಬಣ್ಣದಲ್ಲಿದ್ದರೆ ಆಶಾ ಬರಲೆಂದು ಕಾಯದೆ ಅದೇ ದಿನ ದವಾಖಾನೆಗೆ ಒಯ್ಯಬೇಕು.

ತೂಕ ಏರುತ್ತಿಲ್ಲವೆಂದರೆ ಮೊದಲು ನೋಡುವುದು ಕೂಸು ಬಾಯಿ ಹಚ್ಚುವ ರೀತಿ. ಬರೀ ತೊಟ್ಟು ಚೀಪಿದರೆ ತಾಯಿಗೆ ನೋವು, ಕೂಸಿಗೆ ಉಪವಾಸ. ಬಾಯಿ ಅಗಲ ತೆರೆದು, ಗದ್ದ ಎದೆಗೆ ತಾಗಿ, ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು; ನುಂಗುವ ಸದ್ದು ಕೇಳಬೇಕು. ಇರುಳೂ ಸೇರಿ 8ರಿಂದ 12 ಸಲ ಕುಡಿಸಬೇಕು. ಇರುಳಿನ ಕುಡಿತವನ್ನು ತಪ್ಪಿಸಬಾರದು, ಪ್ರೊಲ್ಯಾಕ್ಟಿನ್ ಏರುವುದು ಆಗಲೇ. ಕುಡಿಸಿದ ಮೇಲೆ ಉಳಿದದ್ದನ್ನು ಕೈಯಿಂದ ಹಿಂಡಿ, ಒಳಲೆಯಲ್ಲೋ ಚಮಚದಲ್ಲೋ ಕುಡಿಸಿದರೆ ಹೆಚ್ಚು ಹಾಲು ಬೇಕೆಂಬ ಸಂದೇಶ ಎದೆಗೆ ಮುಟ್ಟುತ್ತದೆ.

ಅಳವಿ ಪಾಯಸ, ಮೆಂತ್ಯದುಂಡಿ, ಸಬ್ಬಸಿಗೆ, ಬಳ್ಳೊಳ್ಳಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಾಲು ಹೆಚ್ಚಿಸುವ ಆಹಾರ ಮತ್ತು ಔಷಧಗಳ ಬಗ್ಗೆ ನಡೆದ 41 ಪ್ರಯೋಗಗಳನ್ನು, ಮೂರು ಸಾವಿರ ತಾಯಂದಿರ ಮಾಹಿತಿಯನ್ನು 2020ರ ಕಾಕ್ರೇನ್ ವಿಮರ್ಶೆ ಒಟ್ಟುಗೂಡಿಸಿ ನೋಡಿತು: ಲಾಭ ಇರಬಹುದು, ಆದರೆ ಪುರಾವೆ ದುರ್ಬಲ. ಬಳ್ಳೊಳ್ಳಿಯದು ಸ್ವಾರಸ್ಯದ ಕಥೆ. ತಾಯಿ ಅದನ್ನು ತಿಂದರೆ ಹಾಲಿಗೆ ಅದರ ವಾಸನೆ ಇಳಿಯುತ್ತದೆ, ಕೂಸು ಎದೆ ಹಿಡಿದು ಹೆಚ್ಚು ಹೊತ್ತು ಇರುತ್ತದೆ ಎಂದು 1991ರಲ್ಲಿ ಮೆನೆಲ್ಲಾ ಮತ್ತು ಬೋಶಾಂ ತೋರಿಸಿದರು. ಉಂಡಿಗಳನ್ನು ತಿನ್ನಲಿ, ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕು, ತುಪ್ಪ, ಬೆಲ್ಲ, ಅಂಟು ಅದನ್ನು ಕೊಡುತ್ತವೆ. ಅದರ ಜೊತೆ ಬರುವ ಪಥ್ಯ ಮಾತ್ರ ಬೇಡ. ನೀರು ಕುಡಿಯಬಾರದು, ಸೊಪ್ಪು, ಬೇಳೆ, ಹಣ್ಣು ಮುಟ್ಟಬಾರದು ಎಂದು ಕಟ್ಟಿಹಾಕುವುದು ಬೆಳಗಾವಿ ಬೇಸಿಗೆಯಲ್ಲಿ ಶೇಗಡಿಯ ಮುಂದೆ ಕೂತ ಹೆಣ್ಣುಮಗಳಿಗೆ ಮಾಡುವ ಅನ್ಯಾಯ. ಬೇಡದಷ್ಟು ನೀರು ಕುಡಿದರೆ ಹಾಲು ಹೆಚ್ಚುವುದಿಲ್ಲ, ಆದರೆ ನೀರಡಿಕೆಯಾದಾಗಲೆಲ್ಲ ಕುಡಿಯಲೇಬೇಕು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲೇ ಬಿಸಿಯೂಟ, ಮೊಟ್ಟೆ, ಹಾಲು ಕೊಡುವ ವ್ಯವಸ್ಥೆಯಿದೆ. ಹೊಸ್ತಿಲು ದಾಟದ ಬಾಣಂತಿಗೆ ಅದು ದಕ್ಕಬೇಕಾದರೆ ಊಟವೇ ಮನೆಗೆ ಹೋಗಬೇಕು.

ಎಲ್ಲ ಸರಿ ಮಾಡಿದರೂ ಹಾಲು ಸಾಲದ ತಾಯಂದಿರು ಇದ್ದಾರೆ. ನೂರಕ್ಕೆ ಐದರಷ್ಟು ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಥೈರಾಯ್ಡ್ ಕೊರತೆ, ಮಾಸಿನ ಚೂರು ಗರ್ಭಕೋಶದಲ್ಲೇ ಉಳಿದಿರುವುದು, ಎದೆಯಲ್ಲಿ ಗ್ರಂಥಿ ಬೆಳೆಯದಿರುವುದು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಗುಳಿಗೆ ಇವು ಕಾರಣಗಳಲ್ಲಿ ಕೆಲವು. ಇನ್ನೊಂದು, ಹೆರಿಗೆಯಲ್ಲಿ ಹರಿದ ರಕ್ತ. ಬಸಿರಿನಲ್ಲಿ ಹಿಗ್ಗಿದ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸತ್ತರೆ ಪ್ರೊಲ್ಯಾಕ್ಟಿನ್ನೇ ಇರುವುದಿಲ್ಲ. ಇದನ್ನು 1937ರಲ್ಲಿ ವಿವರಿಸಿದವರು ಹೆರಾಲ್ಡ್ ಶೀಹನ್, ಇದರ ಮೊದಲ ಸುಳಿವು ಹಾಲು ಬಾರದಿರುವುದೇ. ರಕ್ತಸ್ರಾವ ತಡೆಯುವ ದೊಡ್ಡ ಪಾಠವೊಂದು ಜಗತ್ತಿಗೆ ಸಿಕ್ಕಿದ್ದು ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಿಂದ. ಇಲ್ಲಿನ 1620 ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಹೆರಿಗೆಯ ಬೆನ್ನಲ್ಲೇ ದಾದಿಯರು ಮಿಸೊಪ್ರೊಸ್ಟಾಲ್ ಗುಳಿಗೆ ನುಂಗಿಸಿದರು. ಅತಿಯಾದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಇದನ್ನು ಪ್ರಕಟಿಸಿತು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ ಹಾಲೂ ಬಾರದಿದ್ದರೆ, ಮುಟ್ಟೂ ಮರಳದಿದ್ದರೆ, ಅದನ್ನು ದೇವರ ಇಚ್ಛೆ ಎಂದು ಬಿಡದೆ ಹಾರ್ಮೋನು ಪರೀಕ್ಷೆ ಮಾಡಿಸಬೇಕು.

ಇಂಥ ತಾಯಿಯ ಕೂಸಿಗೆ ಡಬ್ಬಿ ಹಾಲು ಬೇಕೇ ಬೇಕು, ಕೊಡಲು ನಾಚಿಕೆ ಬೇಡ. ಮೊದಲು ಎರಡೂ ಎದೆ, ಆಮೇಲೆ ಕಡಿಮೆ ಬಿದ್ದಷ್ಟು ಮಾತ್ರ. ಕುದಿಸಿದ ನೀರು, ಡಬ್ಬಿಯ ಮೇಲಿನ ಅಳತೆಯಷ್ಟೇ ಪುಡಿ. ಡಬ್ಬಿ ಹೆಚ್ಚು ದಿನ ಬರಲೆಂದು ತೆಳುವಾಗಿ ಕಲಸಿದರೆ ಕೂಸು ಸೊರಗುತ್ತದೆ. ಬಾಟಲಿಗಿಂತ ತೊಳೆಯಲು ಸುಲಭವಾದ ಒಳಲೆ, ವಾಟಗ ಮೇಲು. ದಿನಕ್ಕೆ ನೂರು ಮಿಲಿಲೀಟರ್ ಎದೆಹಾಲು ಬಂದರೂ ಅದರ ಪ್ರತಿಕಾಯಗಳು ಕೂಸಿಗೆ ಸಿಗುತ್ತವೆ.

ಇನ್ನು ಹೊಲದ ಮಾತು. 2017ರಲ್ಲಿ ಬಂದ 26 ವಾರಗಳ ಹೆರಿಗೆ ರಜೆ ಹತ್ತಿ ಹೊಲದಲ್ಲಿ ಕಳೆ ತೆಗೆಯುವ, ಕಬ್ಬು ಕಡಿಯುವ ತಾಯಿಗೆ ಅನ್ವಯಿಸುವುದಿಲ್ಲ. ಆಕೆ ಎರಡು ಮೂರು ತಿಂಗಳಿಗೇ ಕೂಲಿಗೆ ಮರಳುತ್ತಾಳೆ. ಮುಂಜಾನೆಯಿಂದ ಸಂಜೆಯವರೆಗೆ ಎದೆಯಲ್ಲಿ ಹಾಲು ನಿಂತು, ತಿಂಗಳೊಳಗೆ ಬತ್ತುತ್ತದೆ. ಸಾಧ್ಯವಿದ್ದರೆ ಮಧ್ಯಾಹ್ನದ ಬುತ್ತಿಯ ಜೊತೆ ಕೂಸನ್ನೂ ಹೊಲಕ್ಕೆ ತರಬೇಕು. ಆಗದಿದ್ದರೆ ಹೊಲಕ್ಕೆ ಹೊರಡುವ ಮುನ್ನ ಹಿಂಡಿ, ತೊಳೆದ ಸ್ಟೀಲ್ ವಾಟಗದಲ್ಲಿ ಮುಚ್ಚಿ ತಂಪಾದ ಕಡೆ ಇಡಬೇಕು. ನಾಲ್ಕು ತಾಸಿನೊಳಗೆ, ಬೇಸಿಗೆಯಲ್ಲಿ ಇನ್ನೂ ಬೇಗ ಕುಡಿಸಿ ಮುಗಿಸಬೇಕು. ಹೊಲದಲ್ಲೂ ಒಂದೆರಡು ಸಲ ಮರೆಯಲ್ಲಿ ಕೂತು ಹಿಂಡಿಕೊಳ್ಳಬೇಕು. ಬಿಸಿಲಲ್ಲಿ ಆ ಹಾಲನ್ನು ಕಾಪಾಡಲು ಆಗದೆ ಚೆಲ್ಲಿದರೂ ಎದೆಯಲ್ಲಿ ಉತ್ಪತ್ತಿ ನಿಲ್ಲುವುದಿಲ್ಲ.