ಮನೆಗೆ ಒಪ್ಪುವ ನಾಯಿ

ನಾಯಿಯೊಂದನ್ನು ಸಾಕಬೇಕೆಂದು ಹಂಬಲಿಸುವವರು ಬಹುಮಟ್ಟಿಗೆ ಅದರ ಮುಖವನ್ನು ಕಂಡು ಮರುಳಾಗುವರೇ ಹೊರತು, ತಲೆತಲಾಂತರದಿಂದ ಅದಕ್ಕೆ ಹರಿದುಬಂದ ಸ್ವಭಾವವು ಎಂತಹುದು, ತಮ್ಮ ದಿನಚರಿಗೆ ಅದು ಹೊಂದುವುದೋ ಇಲ್ಲವೋ ಎಂಬುದನ್ನು ವಿಚಾರಿಸುವವರು ವಿರಳ. ಶ್ವಾನತಳಿಗಳಲ್ಲಿ ಅನೇಕವನ್ನು ಮನುಷ್ಯನು ಒಂದೊಂದು ಕಾರ್ಯಕ್ಕಾಗಿ ಆಯ್ದು ಬೆಳೆಸಿದನು. ಆ ಕಾರ್ಯವು ನಿಂತುಹೋದರೂ ಅದರ ತುಡಿತವು ರಕ್ತದಲ್ಲಿ ಉಳಿದಿದೆ.

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನೇ ನೋಡಬಹುದು. ಘೋರ್ಪಡೆ ಅರಸರ ಆಶ್ರಯದಲ್ಲಿ ಹೆಸರಾಗಿ, 2005ರಲ್ಲಿ ಅಂಚೆಚೀಟಿಯನ್ನೂ ಅಲಂಕರಿಸಿದ ಈ ತಳಿಯ ನೀಳವಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಎಲ್ಲವೂ ಓಟಕ್ಕೆಂದೇ ಆದವು. ವಾಸನೆಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಈ ಪ್ರಾಣಿಯು, ಅದುವರೆಗೆ ಸಾಧುವಾಗಿ ನಡೆಯುತ್ತಿದ್ದರೂ, ಬೀದಿಯಾಚೆ ಬೆಕ್ಕೊಂದು ಸುಳಿದೊಡನೆ ಕಿವಿ ನಿಗುರಿಸಿ, ಹಿಡಿದವನ ಭುಜವೇ ಕಿತ್ತುಬರುವಂತೆ ಜಗ್ಗುವುದುಂಟು. ಹೊಲ, ತೋಟ ಅಥವಾ ಬೇಲಿಯುಳ್ಳ ಬಯಲು ಇದ್ದವರಿಗೆ ಇದು ತಕ್ಕ ಸಂಗಾತಿ. ದಿನವೆಲ್ಲ ಬೀಗ ಹಾಕಿರುವ ಎರಡು ಕೋಣೆಯ ಫ್ಲ್ಯಾಟು ಇದಕ್ಕೆ ಸೆರೆಮನೆ.

ಕುರಿ ಕಾಯುವ ನಾಯಿಗಳ ಸಂತತಿಯಾದ ಜರ್ಮನ್ ಶೆಫರ್ಡ್‌ಗೆ ಓಡಾಟದಷ್ಟೇ ಬುದ್ಧಿಗೆ ಕೆಲಸವೂ ಬೇಕು. ಸುಮ್ಮನೆ ಕಟ್ಟಿಹಾಕಿದರೆ ಅದು ಬೊಗಳಿ, ಕಚ್ಚಿ ಹರಿದು, ತನ್ನ ಬೇಸರವನ್ನು ತೀರಿಸಿಕೊಳ್ಳುವುದು. ನ್ಯೂಫೌಂಡ್‌ಲ್ಯಾಂಡಿನ ಬೆಸ್ತರ ಜೊತೆಗಾರನಾಗಿದ್ದ ನಾಯಿಯಿಂದ ಬಂದ ಲ್ಯಾಬ್ರಡಾರ್ ಮಕ್ಕಳೊಡನೆ ಸಾಮಾನ್ಯವಾಗಿ ಸೌಮ್ಯವಾಗಿರುವುದಾದರೂ ಅದರ ಜಿಹ್ವಾಚಾಪಲ್ಯಕ್ಕೆ ಮಿತಿಯಿಲ್ಲ. ಅಜ್ಜಿಯೊಂದು ತುಂಡು, ಮೊಮ್ಮಗನೊಂದು ತುಂಡು ಹಾಕುತ್ತ ಹೋದರೆ ಕೆಲವೇ ವರ್ಷಗಳಲ್ಲಿ ಮೈಯಲ್ಲಿ ಕೊಬ್ಬೇರಿ ಕೀಲುಗಳು ನೋಯತೊಡಗುವುವು.

ಹವೆಯನ್ನೂ ಮರೆಯಲಾಗದು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದು ಮುಖ್ಯವಾಗಿ ತೇಕಿಯೇ ದೇಹದ ತಾಪವನ್ನು ಕಳೆಯಬೇಕು. ಆದುದರಿಂದ ಸೈಬೀರಿಯದ ಹಿಮದಲ್ಲಿ ಜಾರುಬಂಡಿಯೆಳೆಯುತ್ತಿದ್ದ, ಎರಡು ಪದರ ರೋಮದ ಹಸ್ಕಿಯನ್ನು ರಾಯಚೂರಿನ ಬಿಸಿಲಿಗೆ ತರುವುದೂ, ಚಪ್ಪಟೆಮೂಗಿನಿಂದಾಗಿ ಉಸಿರಿಗೇ ಕಷ್ಟಪಡುವ ಪಗ್ಗನ್ನು ನಡುಹಗಲಿನಲ್ಲಿ ನಡೆಸುವುದೂ ದಯೆಯೆನಿಸದು. ಈ ದೃಷ್ಟಿಯಿಂದ, ಗಿಡ್ಡರೋಮದ, ಇಲ್ಲಿನ ಸೆಕೆಗೆ ಒಗ್ಗಿದ ನಮ್ಮ ಊರನಾಯಿಯ ಮರಿಯು ಎಷ್ಟೋ ಮನೆಗಳಿಗೆ ಯೋಗ್ಯವಾದುದು.

ಮರಿಯನ್ನು ಎಂಟು ವಾರಕ್ಕೆ ಮೊದಲು ತಾಯಿಯಿಂದ ಅಗಲಿಸಬಾರದು. ತಂದ ಮೇಲೆ ಪಶುವೈದ್ಯರು ಹೇಳಿದ ಕಾಲಕ್ಕೆ ಲಸಿಕೆಗಳನ್ನು ತಪ್ಪದೆ ಹಾಕಿಸಬೇಕು. ಮರಿಯ ಪುಂಡಾಟಕ್ಕೆ ವ್ಯವಧಾನವಿಲ್ಲದ ವೃದ್ಧರು, ಸ್ವಭಾವವು ಆಗಲೇ ತಿಳಿದಿರುವ ಬೆಳೆದ ನಾಯಿಯನ್ನು ಆರಿಸಿಕೊಳ್ಳುವುದು ಲೇಸು.

ತಳಿಯ ಮಾತು ಹಾಗಿರಲಿ. ಬೆಳಗ್ಗೆ ಅದನ್ನು ತಿರುಗಾಡಿಸುವವರು ಯಾರು, ಎಲ್ಲರೂ ಕೆಲಸಕ್ಕೆ ಹೋದಾಗ ಜೊತೆಗಿರುವವರು ಯಾರು, ಹಬ್ಬಕ್ಕೆ ಊರಿಗೆ ಹೊರಟರೆ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ಮನೆಮಂದಿಯೆಲ್ಲ ಕುಳಿತು ಉತ್ತರ ಕಂಡುಕೊಳ್ಳಬೇಕು. ಹತ್ತು ಹದಿನೈದು ವರ್ಷ ಬಾಳುವ ಜೀವದ ವಿಷಯವಿದು. ಉತ್ತರ ದೊರೆಯದಿದ್ದಲ್ಲಿ ಸದ್ಯಕ್ಕೆ ಯಾವ ನಾಯಿಯನ್ನೂ ತರದಿರುವುದೇ ವಿವೇಕ.