ಮೇಳಕ್ಕೆ ಬೇಕಾಗಿದ್ದ ಮಂದ್ರಸ್ವರ

ನಮ್ಮ ಸಂಗೀತ ಕಚೇರಿಗಳಲ್ಲಿ ಪಿಟೀಲು ಎಲ್ಲರಿಗೂ ಪರಿಚಿತ. ಅದೇ ಕುಟುಂಬಕ್ಕೆ ಸೇರಿದ, ನಿಂತವರ ಎದೆಮಟ್ಟಕ್ಕೆ ಬರುವಷ್ಟು ದೊಡ್ಡ ವಾದ್ಯ ಚೆಲ್ಲೊ. ಇದಕ್ಕೂ ನಾಲ್ಕೇ ತಂತಿ, ಒಂದು ಕಮಾನು. ವಾದಕರು ಕುರ್ಚಿಯ ಮೇಲೆ ಕುಳಿತು, ವಾದ್ಯವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಮುಖ್ಯ ಧಾಟಿ ಹೆಚ್ಚಾಗಿ ಪಿಟೀಲುಗಳ ಪಾಲಿಗೆ ಹೋಗುತ್ತದೆ. ಅದಕ್ಕೆ ತಳಪಾಯವಾಗುವ ಮಂದ್ರಸ್ವರಗಳು ಚೆಲ್ಲೊ ಮತ್ತು ಡಬಲ್ ಬಾಸ್‌ಗಳ ಹೊಣೆ. ಕೇಳುಗರು ಈ ತಳಪಾಯವನ್ನು ಅಷ್ಟಾಗಿ ಗಮನಿಸುವುದಿಲ್ಲ. ಅದು ಇಲ್ಲದಾಗ ಮಾತ್ರ ಇಡೀ ಮೇಳ ಟೊಳ್ಳೆನಿಸುತ್ತದೆ.

ಅಂಥದೊಂದು ಟೊಳ್ಳನ್ನು ತುಂಬಬೇಕಾಗಿದ್ದುದರಿಂದಲೇ ಹದಿನೆಂಟರ ಹರೆಯದ ಯುವತಿಯೊಬ್ಬರ ಪ್ರಾಣ ಉಳಿಯಿತು. ಆಕೆಯೇ ಅನಿತಾ ಲಾಸ್ಕರ್ ವಾಲ್‌ಫಿಶ್.

ಅನಿತಾ ಹುಟ್ಟಿದ್ದು 1925ರ ಜುಲೈ 17ರಂದು, ಆಗ ಜರ್ಮನಿಗೆ ಸೇರಿದ್ದ ಬ್ರೆಸ್ಲಾವ್ ನಗರದಲ್ಲಿ. ಇಂದು ಅದು ಪೋಲೆಂಡಿನ ವ್ರೊತ್ಸ್ವಾಫ್. ಯಹೂದಿ ಕುಟುಂಬ, ತಂದೆ ವಕೀಲರು, ತಾಯಿ ಪಿಟೀಲು ವಾದಕಿ. ಮೂವರು ಹೆಣ್ಣುಮಕ್ಕಳಲ್ಲಿ ಅನಿತಾ ಕಿರಿಯರು. ನಾಜಿ ಆಡಳಿತದಲ್ಲಿ ಯಹೂದಿ ಹುಡುಗಿಗೆ ಊರಿನಲ್ಲಿ ಪಾಠ ಹೇಳುವವರು ಸಿಗದೆ, 1938ರಲ್ಲಿ ಬರ್ಲಿನ್ನಿಗೆ ಹೋಗಿ ಲಿಯೋ ರೋಸ್ಟಾಲ್ ಅವರಲ್ಲಿ ಚೆಲ್ಲೊ ಕಲಿಯತೊಡಗಿದರು. ಅದೇ ವರ್ಷ ನವೆಂಬರಿನಲ್ಲಿ ಯಹೂದಿಗಳ ಅಂಗಡಿ, ಪ್ರಾರ್ಥನಾ ಮಂದಿರಗಳ ಮೇಲೆ ದೇಶದಾದ್ಯಂತ ದಾಳಿ ನಡೆದಾಗ ಪಾಠ ನಿಂತಿತು.

ಹಿರಿಯಕ್ಕ ಮರಿಯಾನೆ ಇಂಗ್ಲೆಂಡಿಗೆ ಪಾರಾದರು. 1942ರ ಏಪ್ರಿಲ್‌ನಲ್ಲಿ ತಂದೆತಾಯಿಯರನ್ನು ನಾಜಿಗಳು ಸಾಗಿಸಿಕೊಂಡು ಹೋದರು. ಅವರು ಮತ್ತೆ ಬರಲಿಲ್ಲ. ಅನಿತಾ ಮತ್ತು ಅಕ್ಕ ರೆನಾಟೆ ಕಾಗದದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಲೇ, ಅಲ್ಲಿದ್ದ ಫ್ರೆಂಚ್ ಕೈದಿಗಳು ತಪ್ಪಿಸಿಕೊಳ್ಳಲೆಂದು ಗುಟ್ಟಾಗಿ ನಕಲಿ ಕಾಗದಪತ್ರ ತಯಾರಿಸಿಕೊಟ್ಟರು. ತಾವೂ ಪರಾರಿಯಾಗಲು ಹೊರಟಾಗ ರೈಲು ನಿಲ್ದಾಣದಲ್ಲೇ ಸಿಕ್ಕಿಬಿದ್ದರು. ವಿಚಾರಣೆ ನಡೆದು ಜೈಲಾಯಿತು.

ಈ ಶಿಕ್ಷೆ ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು. ಯಹೂದಿಗಳನ್ನು ತುಂಬಿದ ರೈಲುಗಳು ಆಶ್‌ವಿಟ್ಜ್ ಶಿಬಿರಕ್ಕೆ ಬಂದೊಡನೆ ಅಧಿಕಾರಿಗಳು ಹೆಚ್ಚಿನವರನ್ನು ನೇರವಾಗಿ ವಿಷಾನಿಲದ ಕೋಣೆಗಳಿಗೆ ಕಳುಹಿಸುತ್ತಿದ್ದರು. 1943ರ ಡಿಸೆಂಬರಿನಲ್ಲಿ ಅನಿತಾ ಬಂದದ್ದು ಶಿಕ್ಷೆಗೊಳಗಾದ ಕೈದಿಗಳ ರೈಲಿನಲ್ಲಿ. ಹೀಗಾಗಿ ಆ ಆಯ್ಕೆಯನ್ನು ಎದುರಿಸಬೇಕಾಗಲಿಲ್ಲ. ತಲೆ ಬೋಳಿಸಿ, ತೋಳಿನ ಮೇಲೆ 69388 ಎಂಬ ಸಂಖ್ಯೆಯನ್ನು ಹಚ್ಚೆ ಹಾಕಿದರು. ಆ ಕೆಲಸಕ್ಕೆ ನಿಂತಿದ್ದವರೂ ಕೈದಿಗಳೇ. ಮೊದಲು ಏನು ಮಾಡುತ್ತಿದ್ದೆ ಎಂದು ಒಬ್ಬಾಕೆ ಕೇಳಿದಾಗ, ಚೆಲ್ಲೊ ನುಡಿಸುತ್ತಿದ್ದೆ ಎಂದು ಅನಿತಾ ಹೇಳಿದರು. ಆ ಉತ್ತರ ಅವರ ಬದುಕನ್ನೇ ಬದಲಿಸಿತು.

ಶಿಬಿರದ ಅಧಿಕಾರಿಣಿಯೊಬ್ಬಳ ಆಸೆಯಂತೆ 1943ರಲ್ಲಿ ಅಲ್ಲಿ ಮಹಿಳಾ ಕೈದಿಗಳದೇ ವಾದ್ಯವೃಂದವೊಂದು ಹುಟ್ಟಿಕೊಂಡಿತ್ತು. ಪಿಟೀಲು, ಮ್ಯಾಂಡೊಲಿನ್, ಗಿಟಾರ್, ಅಕಾರ್ಡಿಯನ್, ಕೊಳಲು ಇದ್ದವು. ಮಂದ್ರಸ್ವರಕ್ಕೆ ಚೆಲ್ಲೊ ನುಡಿಸುವವರಿರಲಿಲ್ಲ. ನಿರ್ದೇಶಕಿ ಆಲ್ಮಾ ರೋಸೆ ಸಾಮಾನ್ಯರಲ್ಲ. ಸಂಗೀತ ರಚನೆಕಾರ ಗುಸ್ತಾವ್ ಮಾಹ್ಲರ್‌ರ ಸೋದರಿಯ ಮಗಳು. ತಂದೆ ವಿಯೆನ್ನಾದ ಪ್ರಸಿದ್ಧ ಪಿಟೀಲು ವಾದಕ. ಚೆಲ್ಲೊ ಕಲಿತ ಹುಡುಗಿ ಬಂದಿದ್ದಾಳೆಂಬ ಸುದ್ದಿ ಅವರಿಗೆ ಮುಟ್ಟಿತು. ಅನಿತಾ ಮೇಳ ಸೇರಿದರು.

ಮೇಳದ ನಿತ್ಯದ ಕೆಲಸ ಬೆಳಿಗ್ಗೆ, ಸಂಜೆ ಶಿಬಿರದ ಬಾಗಿಲ ಬಳಿ ಕುಳಿತು ನಡಿಗೆಯ ಗತ್ತುಗಳನ್ನು ನುಡಿಸುವುದು. ದುಡಿಮೆಗೆ ಹೋಗುವ, ಮರಳುವ ಕೈದಿಗಳು ಆ ತಾಳಕ್ಕೆ ಹೆಜ್ಜೆ ಹಾಕಬೇಕಿತ್ತು. ಭಾನುವಾರಗಳಂದು ಕಚೇರಿ. ಕೈದಿಗಳ ಮೇಲೆ ಕ್ರೂರ ಪ್ರಯೋಗ ನಡೆಸಿದ ವೈದ್ಯ ಮೆಂಗೆಲೆ ಒಮ್ಮೆ ಶೂಮನ್‌ನ ‘ಟ್ರಾಯ್ಮೆರೈ’ ಕೇಳಬೇಕೆಂದಾಗ ಅನಿತಾ ನುಡಿಸಬೇಕಾಯಿತು. ಸಂಗೀತ ಮನುಷ್ಯನನ್ನು ಮೃದುಗೊಳಿಸುತ್ತದೆ ಎಂಬ ನಮ್ಮ ನಂಬಿಕೆಯನ್ನು ಈ ಪ್ರಸಂಗ ಅಲುಗಾಡಿಸುತ್ತದೆ. ಅದೇ ಸ್ವರ ಕೊಲೆಗಾರರಿಗೆ ಮನರಂಜನೆ, ಹಸಿದು ಸೋತ ಕೈದಿಗಳಲ್ಲಿ ಕೆಲವರಿಗೆ ಅವಮಾನ, ಇನ್ನು ಕೆಲವರಿಗೆ ಕ್ಷಣಕಾಲದ ಸಮಾಧಾನ. ನುಡಿಸುವವರಿಗೋ, ಅದು ಇನ್ನೊಂದು ದಿನದ ಬದುಕು.

ಆಲ್ಮಾ ಒಂದು ಅಪಸ್ವರವನ್ನೂ ಸಹಿಸುತ್ತಿರಲಿಲ್ಲ. 1944ರ ಏಪ್ರಿಲ್‌ನಲ್ಲಿ ಕಾಯಿಲೆಯಿಂದ ಶಿಬಿರದಲ್ಲೇ ತೀರಿಕೊಂಡರು. ಅವರ ಆ ಕಟ್ಟುನಿಟ್ಟಿನಿಂದಲೇ ತಾವು ಉಳಿದೆವೆಂದು ಅನಿತಾ ಮುಂದೆ ನೆನೆದಿದ್ದಾರೆ. ಅದೇ ವರ್ಷದ ಕೊನೆಯ ಭಾಗದಲ್ಲಿ ಮೇಳದ ಯಹೂದಿ ಸದಸ್ಯೆಯರನ್ನು ಬೆರ್ಗೆನ್-ಬೆಲ್ಸೆನ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಸಂಗೀತವಿರಲಿಲ್ಲ, ಅನ್ನವೂ ಇರಲಿಲ್ಲ. 1945ರ ಏಪ್ರಿಲ್ 15ರಂದು ಬ್ರಿಟಿಷ್ ಸೇನೆ ಬಂದಾಗ ಅಕ್ಕತಂಗಿಯರಿಬ್ಬರೂ ಜೀವಂತವಾಗಿದ್ದರು.

ಅದೇ ಜುಲೈನಲ್ಲಿ, ಮುಂದೆ ಬಿ.ಕೆ.ಎಸ್. ಅಯ್ಯಂಗಾರರಲ್ಲಿ ಯೋಗ ಕಲಿತ ಪಿಟೀಲು ವಾದಕ ಯೆಹೂದಿ ಮೆನುಹಿನ್, ಬದುಕುಳಿದವರಿಗಾಗಿ ಬೆಲ್ಸೆನ್‌ನಲ್ಲಿ ಕಚೇರಿ ನೀಡಿದರು. ಅನಿತಾರ ಮನಸ್ಸು ಸೆಳೆದದ್ದು ಜೊತೆಗೆ ಪಿಯಾನೊ ನುಡಿಸಿದವರು. ತಾನಿದ್ದೇನೆಂದು ತೋರಿಸಿಕೊಳ್ಳದ ಆ ಪಕ್ಕವಾದ್ಯವನ್ನು ಅವರು ಪತ್ರವೊಂದರಲ್ಲಿ ಬಹಳವಾಗಿ ಮೆಚ್ಚಿ ಬರೆದರು. ಆ ಪಿಯಾನೊ ವಾದಕ, ಇಂಗ್ಲೆಂಡಿನ ಹೆಸರಾಂತ ರಚನೆಕಾರ ಬೆಂಜಮಿನ್ ಬ್ರಿಟನ್.

ಲೂನೆಬರ್ಗ್‌ನಲ್ಲಿ ಶಿಬಿರದ ಅಧಿಕಾರಿಗಳ ವಿಚಾರಣೆ ನಡೆದಾಗ ಅನಿತಾ ಸಾಕ್ಷಿ ಹೇಳಿದರು. 1946ರಲ್ಲಿ ಇಂಗ್ಲೆಂಡಿಗೆ ಹೋಗಿ, ಪಿಯಾನೊ ವಾದಕ ಪೀಟರ್ ವಾಲ್‌ಫಿಶ್‌ರನ್ನು ಮದುವೆಯಾದರು. ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾಗಿ ದಶಕಗಳ ಕಾಲ ನುಡಿಸಿದರು. ಈ ಬಗೆಯ ಚಿಕ್ಕ ಮೇಳದಲ್ಲಿ ಕೆಲವೇ ಚೆಲ್ಲೊಗಳಿರುವುದರಿಂದ ಒಬ್ಬರು ತಪ್ಪಿದರೂ ಮರೆಯಾಗುವುದಿಲ್ಲ. ಬ್ರಿಟನ್‌ರ ಆಲ್ಡ್‌ಬರ್ಗ್ ಸಂಗೀತೋತ್ಸವದೊಡನೆ ಈ ಮೇಳಕ್ಕೆ ನಿಕಟ ನಂಟಿತ್ತು. ಮಗ ರಾಫಾಯೆಲ್ ಕೂಡ ಹೆಸರಾಂತ ಚೆಲ್ಲೊ ವಾದಕರಾದರು.

ಜರ್ಮನಿಯ ನೆಲ ಮೆಟ್ಟುವುದಿಲ್ಲವೆಂದು ಪಣ ತೊಟ್ಟಿದ್ದ ಅನಿತಾ, 1994ರಲ್ಲಿ ತಮ್ಮ ಮೇಳದೊಂದಿಗೇ ಅಲ್ಲಿಗೆ ಹೋದರು. ಆಮೇಲೆ ಮತ್ತೆ ಮತ್ತೆ ಹೋಗಿ ಶಾಲಾ ಮಕ್ಕಳೊಡನೆ ಮಾತನಾಡಿದರು. ಮಕ್ಕಳಿಗೆಂದು ಬರೆದಿಟ್ಟಿದ್ದ ನೆನಪುಗಳು 1996ರಲ್ಲಿ ಪುಸ್ತಕವಾದವು. 2018ರ ಜನವರಿ 31ರಂದು ಜರ್ಮನ್ ಸಂಸತ್ತಿನಲ್ಲಿ ಮಾತನಾಡುತ್ತ, ದ್ವೇಷ ವಿಷವಿದ್ದಂತೆ, ಕೊನೆಗೆ ಅದು ದ್ವೇಷಿಸುವವರಿಗೇ ಏರುತ್ತದೆ ಎಂಬರ್ಥದ ಮಾತು ಹೇಳಿದರು. ಅಂದು ಆ ಸಭೆಯಲ್ಲಿ ಮಗ ಚೆಲ್ಲೊ ನುಡಿಸಿದರು. 2025ರ ಜುಲೈನಲ್ಲಿ ಅನಿತಾರಿಗೆ ನೂರು ವರ್ಷ ತುಂಬಿತು.