ಜಿಆರ್‌ಇಗೆ ಕುಂವೀ ದಾರಿ

ಅಮೆರಿಕಕ್ಕೆ ಹೋಗಿ ಎಂಎಸ್ ಮಾಡುತ್ತೇವೆನ್ನುವ ನಮ್ಮ ಉಜ್ಜಿನಿ, ಕೊಟ್ಟೂರು ಕಡೆಯ ಹುಡುಗರಿಗೆ ಜಿಆರ್‌ಇ ಪರೀಕ್ಷೆಯ ಗಣಿತ ಲೆಕ್ಕಕ್ಕಿಲ್ಲ. ಅವರ ನಿದ್ದೆ ಕೆಡಿಸುವುದು ಇಂಗ್ಲಿಷ್ ಪದಗಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಾನು ಊರಲ್ಲೇ ಇರುವುದರಿಂದ ಹುಡುಕಿಕೊಂಡು ಬರುತ್ತಾರೆ. ಈ ಸಲ ಬಂದವಳು ನಮ್ಮ ಓಣಿಯ ಈರುಳ್ಳಿ ಬೆಳೆಗಾರರೊಬ್ಬರ ಮಗಳು, ಸಿವಿಲ್ ಎಂಜಿನಿಯರ್.

‘ಸರ್, ನಾ ಕಾಂಕ್ರೀಟ್ ಬಗ್ಗೆ ಓದಾಕ ಹೊಂಟೀನಿ. ಈ ಸಾಹಿತ್ಯದ ಇಂಗ್ಲಿಷ್ ತಗಂಡು ಏನ್ ಮಾಡ್ಲಿ?’

ನ್ಯಾಯವಾದ ಪ್ರಶ್ನೆ. ಜಿಆರ್‌ಇ ಶುರುವಾದದ್ದು 1936ರಲ್ಲಿ. ಈಗ ನಡೆಸುವುದು ಪ್ರಿನ್ಸ್‌ಟನ್‌ನ ಇಟಿಎಸ್ ಸಂಸ್ಥೆ. ಕಾಂಕ್ರೀಟಿನವರೂ ಚರಿತ್ರೆಯವರೂ ಬರೆಯುವುದು ಒಂದೇ ಪ್ರಶ್ನೆಪತ್ರಿಕೆ. ಬಿಗಿಯಾಗಿ ಬರೆದ ಇಂಗ್ಲಿಷ್ ಗದ್ಯದ ವಾದ ಎತ್ತ ತಿರುಗುತ್ತಿದೆ ಎಂದು ಹಿಡಿಯಬಲ್ಲರೇ ಎಂಬುದನ್ನು ಅದು ನೋಡುತ್ತದೆ. 2023ರ ಸೆಪ್ಟೆಂಬರ್‌ನಿಂದ ಇಡೀ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ. ಅದರಲ್ಲಿ ಭಾಷೆಯ ಭಾಗಕ್ಕೆ 41 ನಿಮಿಷ, 27 ಪ್ರಶ್ನೆ. ಅಂಕ 130ರಿಂದ 170ರ ನಡುವೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬಾರದು.

ಅವಳ ಕೈಯಲ್ಲಿ ದಪ್ಪನೆಯ ಪದಪಟ್ಟಿ ಇತ್ತು. ಹಿಂದೆ ಇಂಥ ಪಟ್ಟಿಗಳಿಗೆ ಅರ್ಥವಿತ್ತು. ಈ ಪದಕ್ಕೆ ವಿರುದ್ಧ ಪದ ಯಾವುದು ಎಂದು ನೇರವಾಗಿ ಕೇಳುತ್ತಿದ್ದರು. 2011ರ ಆಗಸ್ಟ್‌ನಲ್ಲಿ ಅದನ್ನು ಕೈಬಿಟ್ಟರು. ಈಗ ಪದ ಬರುವುದು ವಾಕ್ಯದ ಒಳಗೇ. ಅವಳಿಗೆ ನಾನೊಂದು ಕನ್ನಡ ವಾಕ್ಯ ಬರೆದು ಕೊಟ್ಟೆ: ‘ಸಭೆಗಳಲ್ಲಿ ಭಾರಿ ಮಾತುಗಾರನೆಂದು ಹೆಸರಾಗಿದ್ದರೂ ಮನೆಯಲ್ಲಿ ಆತ ______.’ ಬಿಟ್ಟ ಜಾಗದಲ್ಲಿ ಏನಿರಬೇಕು ಎಂಬುದನ್ನು ‘ಹೆಸರಾಗಿದ್ದರೂ’ ಅನ್ನುವುದರ ಕೊನೆಯ ಆ ‘ರೂ’ ಆಗಲೇ ಹೇಳಿಬಿಟ್ಟಿದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಆಲ್ದೋ’, ‘ಯೆಟ್’, ‘ಡಿಸ್ಪೈಟ್’ ಮಾಡುತ್ತವೆ. ಮೊದಲು ಅವುಗಳ ಕೆಳಗೆ ಗೆರೆ ಎಳೆ, ನಿನ್ನದೇ ಪದ ಹಾಕಿ ನೋಡು, ಆಮೇಲೆ ಅವರು ಕೊಟ್ಟ ಆಯ್ಕೆಗಳ ಮುಖ ನೋಡು ಎಂದೆ. ಒಂದೇ ಪ್ರಶ್ನೆಯಲ್ಲಿ ಎರಡು ಮೂರು ಜಾಗ ಖಾಲಿ ಇದ್ದರೆ ಎಲ್ಲವೂ ಸರಿಯಾಗಬೇಕು, ಅರ್ಧ ಅಂಕ ಇಲ್ಲ. ಇನ್ನೊಂದು ಬಗೆಯಲ್ಲಿ ಆರು ಪದ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡನ್ನು ಆರಿಸಲು ಹೇಳುತ್ತಾರೆ. ಸಮಾನಾರ್ಥಕ ಜೋಡಿ ಕಂಡ ಕೂಡಲೇ ಒತ್ತುವವರು ಕೆಡುವುದು ಅಲ್ಲೇ. ವಾಕ್ಯಕ್ಕೆ ಹೊಂದದ ಜೋಡಿಯೂ ಅಲ್ಲಿರಬಹುದು.

ಅವಳು ‘ಲಕಾನಿಕ್’, ‘ಟಾಸಿಟರ್ನ್’, ‘ರೆಟಿಸೆಂಟ್’ ಮೂರಕ್ಕೂ ‘ಮಿತಭಾಷಿ’ ಎಂದೇ ಬರೆದುಕೊಂಡಿದ್ದಳು. ಮೊದಲನೆಯವನು ನಾಲ್ಕು ಮಾತಿನಲ್ಲಿ ಇಡೀ ವಿಷಯ ಮುಗಿಸುತ್ತಾನೆ, ಎರಡನೆಯವನ ಸ್ವಭಾವವೇ ಮೌನ, ಮೂರನೆಯವನಿಗೆ ಒಳಗಿದ್ದದ್ದನ್ನು ಬಿಚ್ಚಿಡಲು ಹಿಂಜರಿಕೆ. ಈ ವ್ಯತ್ಯಾಸ ಪಟ್ಟಿಯಿಂದ ಬರುವುದಿಲ್ಲ.

ಹಾಗಾದರೆ ಎಲ್ಲಿಂದ? ನಮ್ಮ ಕೊಟ್ಟೂರಿನ ಕುಂವೀ, ಅಂದರೆ ಕುಂ. ವೀರಭದ್ರಪ್ಪನವರ ‘ಅರಮನೆ’ ಇದೆಯಲ್ಲ, 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಅದರ ತುಂಬ ಈ ಸೀಮೆಯ ಮಾತು. ಮೈಸೂರಿನವರೋ ಮಂಗಳೂರಿನವರೋ ಅದನ್ನು ಓದುವಾಗ ಪುಟಪುಟಕ್ಕೆ ನಿಘಂಟು ತೆಗೆಯುತ್ತಾರೆಯೇ? ಮೊದಲ ಪುಟಗಳಲ್ಲಿ ತಡವರಿಸುತ್ತಾರೆ. ಯಾರು ಯಾರಿಗೆ ಹೇಳಿದರು, ಸಿಟ್ಟಿನಲ್ಲೋ ಕೊಂಕಿನಲ್ಲೋ ಎಂಬುದರ ಮೇಲೆ ಅಂದಾಜು ಕಟ್ಟುತ್ತಾರೆ. ಅದೇ ಪದ ಇನ್ನೊಂದು ಕಡೆ ಸಿಕ್ಕಾಗ ಅಂದಾಜು ಗಟ್ಟಿಯಾಗುತ್ತದೆ. ಇಂಗ್ಲಿಷನ್ನೂ ಹಾಗೇ ಓದಬೇಕು ಎಂಬುದು ನನ್ನ ವಾದ. ಸಂಪಾದಕೀಯ, ವಿಜ್ಞಾನ ಪ್ರಬಂಧ, ಪುಸ್ತಕ ವಿಮರ್ಶೆ, ದಿನಕ್ಕೆ ಒಂದಾದರೂ ಪೂರ್ತಿ. ಓದಿದ ಮೇಲೆ ನಿಘಂಟು. ಬರೆದುಕೊಳ್ಳುವುದು ಪದವನ್ನಲ್ಲ, ಅದು ಸಿಕ್ಕ ವಾಕ್ಯವನ್ನು.

(ನಿಘಂಟು ಎಂದಾಗ ನೆನಪಾಯಿತು. ಮೊದಲ ದೊಡ್ಡ ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ಒಂದನ್ನು ಕಟ್ಟಿದ ವಿಲಿಯಂ ರೀವ್ ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ ಪಾದ್ರಿ. ಅದು 1824ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಈ ಹುಡುಗಿಯ ಪಾಡನ್ನು ಆತ ನಮ್ಮ ಭಾಷೆಯ ಎದುರು ಕೂತು ಪಟ್ಟಿದ್ದ.)

ಸಾಹಿತ್ಯದಲ್ಲೇ ಹುಟ್ಟಿದ ಪದಗಳು ಮಾತ್ರ ಕಥೆ ಸಮೇತ ಸಲೀಸಾಗಿ ನಿಲ್ಲುತ್ತವೆ. ಸರ್ವಾಂತೆಸ್‌ನ ಡಾನ್ ಕಿಹೋಟೆಯಿಂದ ‘ಕ್ವಿಕ್ಸಾಟಿಕ್’, ಶೆರಿಡನ್ನನ 1775ರ ನಾಟಕದ ಮಿಸೆಸ್ ಮ್ಯಾಲಪ್ರಾಪ್‌ಳಿಂದ ‘ಮ್ಯಾಲಪ್ರಾಪಿಸಂ’. ಪುರಿಯ ಜಗನ್ನಾಥನ ತೇರಂತೂ ಇಂಗ್ಲಿಷಿಗೆ ಹೋಗಿ ‘ಜಗರ್‌ನಾಟ್’ ಆಯಿತು, ಎದುರಿಗೆ ಬಂದದ್ದನ್ನೆಲ್ಲ ಅರೆದುಕೊಂಡು ಹೋಗುವ ಶಕ್ತಿ ಎಂಬ ಅರ್ಥದಲ್ಲಿ. ತೇರಿನ ಮಿಣಿ ಎಳೆದ ಊರಿನವಳು ಅದನ್ನು ಮರೆಯಲಾರಳು. ಆದರೆ ಇವು ಬೆರಳೆಣಿಕೆಯವು. ಹೆಚ್ಚು ಕಾಡುವುದು ‘ಮಿಟಿಗೇಟ್’, ‘ಈಕ್ವಿವೋಕಲ್’, ‘ಆಂಬಿವೇಲೆಂಟ್’ ಥರದ, ಕಥೆಯಿಲ್ಲದ ಒಣ ಪದಗಳು. ಅವಕ್ಕೆ ಓದೊಂದೇ ದಾರಿ.

ಮನೆಯಲ್ಲೇ ಕೂತು ಪರೀಕ್ಷೆ ಬರೆಯುವ ಸೌಲಭ್ಯವೂ ಇದೆ. ಆದರೆ ಕೋಣೆಯಲ್ಲಿ ಒಬ್ಬಳೇ ಇರಬೇಕು, ಬಾಗಿಲು ಮುಚ್ಚಿರಬೇಕು, ಕ್ಯಾಮೆರಾದಲ್ಲಿ ಕಾವಲು ಬೇರೆ. ನೆಂಟರು ಬಾಗಿಲು ದೂಡಿಕೊಂಡೇ ಬರುವ, ಕರೆಂಟ್ ಯಾವಾಗ ಹೋದೀತೋ ಗೊತ್ತಿಲ್ಲದ ನಮ್ಮೂರಲ್ಲಿ ಅದು ಬೇಡವೆಂದೆ. ಬೆಂಗಳೂರಿನ ಕೇಂದ್ರವೇ ವಾಸಿ. ಶುಲ್ಕ ಇಪ್ಪತ್ತು ಸಾವಿರ ರೂಪಾಯಿ ದಾಟುತ್ತದೆ, ಅದು ಸಣ್ಣ ದುಡ್ಡಲ್ಲ. ಈಚಿನ ವರ್ಷಗಳಲ್ಲಿ ಎಷ್ಟೋ ವಿಭಾಗಗಳು ಜಿಆರ್‌ಇ ಅಂಕ ಕಡ್ಡಾಯವಲ್ಲ ಎನ್ನುತ್ತಿವೆ. ಹೋಗಬೇಕೆಂದಿರುವ ವಿಭಾಗಗಳ ನಿಯಮ ನೋಡಿಕೊಂಡು ಬಾ, ಆಮೇಲೆ ದುಡ್ಡು ಕಟ್ಟುವಿಯಂತೆ ಎಂದು ಕಳಿಸಿದ್ದೇನೆ. ಅವಳ ಆರು ವಿಭಾಗಗಳಲ್ಲಿ ಎರಡು ಅಂಕ ಕೇಳುತ್ತವೆಯಂತೆ.